ಬೆಟ್ಟ ಕಡಿದವರ ಹೆಸರು

ಜೆಫಿರಿನ್ ತ್ರಾಂಶ್‌ಮೊಂತಾನ್‌ಗೆ ತನ್ನ ಮನೆತನದ ಹೆಸರನ್ನು ಯಾರಾದರೂ ಅರ್ಧಕ್ಕೆ ನುಂಗಿ ಹೇಳಿದರೆ ಆಗುತ್ತಿರಲಿಲ್ಲ. ಸಾಂತ್-ಓದಿಲ್ ಊರಿಗೆ ಹೊಸದಾಗಿ ಬಂದ ಪಾದ್ರಿ ಒಮ್ಮೆ ಪೂಜೆಯ ನಡುವೆ ಆ ಹೆಸರಿನಲ್ಲಿ ತಡವರಿಸಿದಾಗ, ಬೆಂಚಿನಿಂದ ಎದ್ದು ನಿಂತು ಪೂರ್ತಿ ಹೆಸರು ಹೇಳಿಕೊಟ್ಟು ಕೂತಿದ್ದ. ಊರವರು ನಕ್ಕಿದ್ದರು. ಕೆನಡಾದ ಯಾಮಾಸ್ಕಾ ನದಿಯ ದಂಡೆಯ ಆ ಊರು ಅಂಗೈಯಷ್ಟು ಸಮತಟ್ಟು. "ಇರುವೆ ಗೂಡಿಗಿಂತ ಎತ್ತರದ್ದು ಏನೂ ಇಲ್ಲದ ಕಡೆ ಬೆಟ್ಟ ಕಡಿಯೋ ವಂಶ ಅಂತೆ!" ಎಂದು ಕಮ್ಮಾರನ ಅಂಗಡಿಯ ಮುಂದೆ ಕೂತವರು ಚುಚ್ಚುತ್ತಿದ್ದರು. ಫ್ರೆಂಚಿನಲ್ಲಿ ಬೆಟ್ಟ ಕಡಿಯುವವನು ಎಂಬುದೇ ಆ ಹೆಸರಿನ ಅರ್ಥ.

ಹೊಸವರ್ಷದ ದಿನ ಮಾಂಸದ ಕಡುಬಿನ ಊಟ ಮುಗಿಸಿ, ಪೈಪಿಗೆ ತಂಬಾಕು ತುಂಬಿಕೊಂಡು ಅವನು ಪ್ರತಿವರ್ಷ ಅದೇ ಕಥೆ ಹೇಳುತ್ತಿದ್ದ. ಫ್ರಾನ್ಸಿನ ಪೊಯಿತು ಸೀಮೆಯಲ್ಲಿ ಪೆರ್ದ್ರಿಯೋ ಎಂಬ ರೈತನ ಮಗನೊಬ್ಬ ರಾಜನ ಪಡೆಗೆ ಸೇರಲು ಹೋದ. ಸಾಲಿನಲ್ಲಿ ನಿಂತವರಲ್ಲಿ ಅವನೇ ಕುಳ್ಳ. ಕ್ಯಾಪ್ಟನ್ ಮೇಲಿಂದ ಕೆಳಗೆ ನೋಡಿ, "ಏನಯ್ಯ, ನಿನ್ನ ಕೈಲಿ ಏನಾಗುತ್ತೆ?" ಎಂದು ಕೇಳಿದ. "ಬೆಟ್ಟ ತೋರಿಸಿ ಸಾಹೇಬ್ರೆ, ಕಡಿದು ಹಾಕ್ತೀನಿ" ಎಂದ ಇವನು. ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕು, ಪಡೆಯಲ್ಲಿ ಅವನಿಗೆ ಅದೇ ಹೆಸರು ಇಟ್ಟ. ಹಡಗು ಹತ್ತಿ ಕೆನಡಾಕ್ಕೆ ಬಂದ, ಕಾಡಿನಲ್ಲಿ ಯುದ್ಧ ಮಾಡಿದ, ಯುದ್ಧ ಮುಗಿದ ಮೇಲೆ ನೆಲ ಸಿಕ್ಕಿತು, ಇಲ್ಲೇ ಉಳಿದ. ಅವನಿಂದ ಈ ಮನೆತನ.

"ಒಬ್ಬನೇ ಒಬ್ಬ ಬಂದಿದ್ದು. ಅವನು ಹೆಸರು ಬಿಟ್ಟಿದ್ರೆ ನಾವು ಯಾರೋ ಏನೋ ಆಗಿರ್ತಿದ್ವಿ" ಎಂದು ಜೆಫಿರಿನ್ ಕಥೆ ಮುಗಿಸುತ್ತಿದ್ದ.

ಅವನಿಗೆ ಬದುಕಿ ಉಳಿದ ಗಂಡುಮಗ ಒವಿಲಾ ಒಬ್ಬನೇ. ಮಗಳು ಅಲ್ಮಾಳನ್ನು ಅದೇ ಊರಿನಲ್ಲಿ ಕೊಟ್ಟಿತ್ತು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಒವಿಲಾ ಮಾತು ಕಡಿಮೆಯವನು, ಕೈಕೆಲಸದಲ್ಲಿ ಚುರುಕು. ಪಕ್ಕದ ಊರಿನ ಎಕ್ಸಿಲ್ದಾಳನ್ನು ಮದುವೆಯಾದ. ಮರುವರ್ಷದ ವಸಂತದಲ್ಲಿ ಒಂದು ಭಾನುವಾರ, ಪೂಜೆ ಮುಗಿದ ಹೊತ್ತಿಗೆ ಒಳ್ಳೆ ಕೋಟು ಹಾಕಿದ ಒಬ್ಬ ಏಜೆಂಟ್ ಚರ್ಚಿನ ಮೆಟ್ಟಿಲ ಹತ್ತಿರ ನಿಂತಿದ್ದ. ಗಡಿಯಾಚೆ ವರ್ಮಾಂಟಿನಲ್ಲಿ ಬ್ಯಾರಿ ಎಂಬ ಊರು, ಅಲ್ಲಿ ಕಲ್ಲಿನ ಕೆಲಸ, ಗಟ್ಟಿ ಯುವಕರು ಬೇಕು ಎಂದ. ಒವಿಲಾನ ಹೆಸರು ಕೇಳಿ ಬೆನ್ನು ತಟ್ಟಿ, "ನಿನ್ನ ಹೆಸರಲ್ಲೇ ಕೆಲಸ ಬರೆದುಬಿಟ್ಟಿದೆಯಲ್ಲಯ್ಯಾ!" ಎಂದು ನಕ್ಕ. ಅಲ್ಲಿ ಕೆಲಸಗಾರರು ಮುಷ್ಕರ ಹೂಡಿ ಹೊರಗೆ ಕೂತಿದ್ದಾರೆ, ಅವರ ಜಾಗಕ್ಕೇ ಇವರನ್ನು ಕರೆದೊಯ್ಯುತ್ತಿರುವುದು ಎಂಬುದನ್ನು ಮಾತ್ರ ಅವನು ಬಾಯಿ ಬಿಡಲಿಲ್ಲ.

ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು.

"ಆ ಕಡೆ ಹೋದವರು ಏನಾದ್ರು ಗೊತ್ತಾ? ಬ್ವಾವೇರ್ ಹೋಗಿ ಗ್ರೀನ್‌ವುಡ್ ಆದ. ರ್‍ವಾ ಹೋಗಿ ಕಿಂಗ್ ಆದ. ಚರ್ಮ ಸುಲಿದ ಹಾಗೆ ಹೆಸರು ಸುಲಿದು ಕಳಿಸ್ತಾರೆ" ಎಂದು ಜೆಫಿರಿನ್ ಮೇಜು ಗುದ್ದಿದ.

"ನಾನು ಬಿಡಲ್ಲ ಅಪ್ಪ. ಆಣೆ. ಒಂದಕ್ಷರ ಬಿಡಲ್ಲ" ಎಂದ ಒವಿಲಾ. "ಇಲ್ಲಿ ಹುಲ್ಲು ಕೊಯ್ದು ಮಾರೋದ್ರಲ್ಲಿ ಎಷ್ಟು ಜನ ಬದುಕೋಕಾಗುತ್ತೆ? ಎಕ್ಸಿಲ್ದಾ ಬಸುರಿ. ನಾಲ್ಕು ವರ್ಷ ದುಡಿದು ಬಂದ್ಬಿಡ್ತೀನಿ."

"ಹೋಗೋನು ಹೋಗು. ನನ್ನ ಕೇಳಬೇಡ."

ಹೊರಡುವ ಬೆಳಿಗ್ಗೆ ಎಕ್ಸಿಲ್ದಾಳನ್ನು ಗಾಡಿ ಹತ್ತಿಸಿ, ಒವಿಲಾ ಅಂಗಳದ ಕೆಸರಿನಲ್ಲೇ ಮಂಡಿಯೂರಿ ಟೋಪಿ ತೆಗೆದ. ದೂರ ಹೋಗುವ ಮಗ ತಂದೆಯ ಆಶೀರ್ವಾದ ಕೇಳುವುದು ಅವರಲ್ಲಿ ಅಜ್ಜಂದಿರ ಕಾಲದ ಪದ್ಧತಿ. ತಂದೆ ತಲೆಯ ಮೇಲೆ ಕೈಯೆತ್ತಿ ಶಿಲುಬೆಯ ಗುರುತು ಹಾಕಬೇಕು. ಜೆಫಿರಿನ್ ಮಗನ ಬೋಳಿಸಿದ ಕತ್ತನ್ನು ನೋಡಿದ. ನೋಡಿ, ಹಾಲು ಕರೆಯುವ ಬಕೆಟ್ ಎತ್ತಿಕೊಂಡು ಕೊಟ್ಟಿಗೆಗೆ ನಡೆದುಬಿಟ್ಟ. ತಿರುಗಿ ಬರುವಷ್ಟರಲ್ಲಿ ಗಾಡಿ ಹೋಗಿತ್ತು. ಕೆಸರಿನಲ್ಲಿ ಎರಡು ಮಂಡಿಯ ಗುರುತು ಉಳಿದಿತ್ತು. ಮಧ್ಯಾಹ್ನದ ಮಳೆಗೆ ಅದೂ ಹೋಯಿತು.

ನಾಲ್ಕು ವರ್ಷ ಹನ್ನೆರಡಾಯಿತು. ಕ್ರಿಸ್‌ಮಸ್ಸಿಗೆ ಒಮ್ಮೊಮ್ಮೆ ನಾಲ್ಕು ಸಾಲಿನ ಕಾಗದ ಬರುತ್ತಿತ್ತು. ಅಲ್ಮಾ ಓದಿ ಹೇಳುತ್ತಿದ್ದಳು. ಮಗ ಹುಟ್ಟಿದ, ಲುಸಿಯೆನ್ ಅಂತ ಹೆಸರಿಟ್ಟಿದ್ದೇವೆ. ಹೆಣ್ಣುಮಗು ಹುಟ್ಟಿತು. ಇನ್ನೊಂದು ಹೆಣ್ಣು. ಕೆಳಗೆ ರುಜು ಮಾತ್ರ ಪೂರ್ತಿ ಇರುತ್ತಿತ್ತು, ಒವಿಲಾ ತ್ರಾಂಶ್‌ಮೊಂತಾನ್. ಜೆಫಿರಿನ್‌ಗೆ ಓದು ಬರುತ್ತಿರಲಿಲ್ಲ. ಆದರೂ ಕಾಗದ ಇಸಿದುಕೊಂಡು ಆ ಕೊನೆಯ ಗೆರೆಯ ಉದ್ದವನ್ನು ನೋಡಿ ವಾಪಸ್ಸು ಕೊಡುತ್ತಿದ್ದ. ಊರಿಗೆ ಮಾತ್ರ ಒವಿಲಾ ಒಮ್ಮೆಯೂ ಬರಲಿಲ್ಲ. 'ಕೋಪ ಇಟ್ಕೊಂಡಿದ್ದಾನೆ, ಇಟ್ಕೊಳ್ಳಲಿ, ನನ್ನಪ್ಪನ ಮೊಮ್ಮಗನೇ ಅಲ್ಲವೇ' ಎಂದುಕೊಂಡು ಮುದುಕ ಸುಮ್ಮನಿದ್ದ.

ಮಾರ್ಚ್ ತಿಂಗಳ ಕೊನೆ. ಮೇಪಲ್ ಮರಗಳಿಂದ ರಸ ಇಳಿಸಿ, ಕಾಯಿಸಿ ಸಕ್ಕರೆ ಮಾಡುವ ಕಾಲ. ವರ್ಮಾಂಟಿನ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆಯ ಒರ್ಮಿದಾಸ್ ರಜೆಯ ಮೇಲೆ ಊರಿಗೆ ಬಂದವನು ನೆಟ್ಟಗೆ ಒಲೆಯ ಹತ್ತಿರ ಬಂದು ನಿಂತ.

"ಜೆಫಿರಿನ್ ಮಾವ, ಒಂದು ಮಾತು. ಬ್ಯಾರಿ ಕಡೆಯೋರು ಚರ್ಚಲ್ಲಿ ಸಿಕ್ಕಿದ್ರು. ಒವಿಲಾಗೆ ಎದೆ ಕೆಟ್ಟಿದೆಯಂತೆ. ಕಲ್ಲಿನ ಧೂಳು. ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಆಯ್ತಂತೆ. ನಿಮ್ಮನ್ನ ನೋಡಬೇಕು ಅಂತಿದ್ದಾನಂತೆ."

ಜೆಫಿರಿನ್ ಸೌಟನ್ನು ಕೆಳಗಿಟ್ಟ. "ಮನೆ ಎಲ್ಲಿ?"

"ಅದು ನನಗೆ ಗೊತ್ತಿಲ್ಲ. ಸಣ್ಣ ಊರು ಮಾವ. ಸ್ಟೇಷನ್ನಲ್ಲಿ ಇಳಿದು ಹೆಸರು ಹೇಳಿ. ನಿಮ್ಮಂಥ ಹೆಸರು ಅಲ್ಲಿ ಎಷ್ಟು ಇರುತ್ತೆ?"

ಆ ಮಾತು ಮುದುಕನಿಗೆ ಸರಿಯಾಗಿಯೇ ಕಂಡಿತು. ಕಾಗದಗಳ ಮೇಲೆ ವಿಳಾಸವಿರಬಹುದು, ಕೇಳೋಣ ಎಂಬುದೂ ಹೊಳೆಯಲಿಲ್ಲ. ಮರುದಿನ ನಸುಕಿನಲ್ಲೇ, ಹೊಸ ಸಕ್ಕರೆಯ ಒಂದು ದೊಡ್ಡ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದ. ಅರವತ್ತೆಂಟು ವರ್ಷಕ್ಕೆ ಅವನು ಗಡಿ ದಾಟುತ್ತಿದ್ದದ್ದು ಮೊದಲ ಸಲ. ದಾರಿಯುದ್ದಕ್ಕೂ ಒಂದೇ ಯೋಚನೆ: ಹೋದ ತಕ್ಷಣ ಕೋಟು ಕೂಡ ಬಿಚ್ಚುವುದಿಲ್ಲ, ಮೊದಲು ಅವನ ತಲೆಯ ಮೇಲೆ ಕೈ ಇಡುತ್ತೇನೆ. ಅಂದು ಆಗಬೇಕಿದ್ದ ಕೆಲಸ ಅದು.

ಬ್ಯಾರಿಯಲ್ಲಿ ಇಳಿದಾಗ ಮಧ್ಯಾಹ್ನ ಆಗಿರಲಿಲ್ಲ. ನದಿಯುದ್ದಕ್ಕೂ ಕಲ್ಲು ಕೊರೆಯುವ ಉದ್ದುದ್ದ ಶೆಡ್ಡುಗಳು. ಒಳಗಿನಿಂದ ಹಲ್ಲು ಜುಮ್ಮೆನ್ನಿಸುವ ಕಿರ್ರೆಂಬ ಸದ್ದು. ಊಟಕ್ಕೆ ಹೊರಬರುತ್ತಿದ್ದ ಗಂಡಸರ ಹುಬ್ಬು ಮೀಸೆಗಳೆಲ್ಲ ಹಿಟ್ಟಿನ ಗಿರಣಿಯವರ ಹಾಗೆ ಬೆಳ್ಳಗೆ. ಜೆಫಿರಿನ್ ಸ್ಟೇಷನ್ ಮಾಸ್ತರನ ಕಿಟಕಿಯ ಮುಂದೆ ನಿಂತು, ಟೋಪಿ ತೆಗೆದು, ನಿಧಾನವಾಗಿ, ಒಂದಕ್ಷರವೂ ಬಿಡದಂತೆ ಹೇಳಿದ: "ಒವಿಲಾ ತ್ರಾಂಶ್‌ಮೊಂತಾನ್."

ಮಾಸ್ತರ ತಲೆಯಾಡಿಸಿದ. ಗೊತ್ತಿಲ್ಲ.

ಇನ್ನೊಮ್ಮೆ ಹೇಳಿದ, ಇನ್ನೂ ಗಟ್ಟಿಯಾಗಿ. ಹಿಂದೆ ನಿಂತಿದ್ದ ಹುಡುಗಿಯರಿಬ್ಬರು ಕಿಸಕ್ಕೆಂದರು. ಹೊರಗೆ ಬಂದು ಸಾಮಾನು ಹೊರುವವನನ್ನು ಕೇಳಿದ, ಕುದುರೆ ಗಾಡಿಯವನನ್ನು ಕೇಳಿದ, ಔಷಧಿ ಅಂಗಡಿಯಲ್ಲಿ ಕೇಳಿದ. ಒಬ್ಬಳು ಸ್ಕಾಟಿಷ್ ಹೆಂಗಸು ಪಾಪವೆಂದು ಅವನ ಬಾಯನ್ನೇ ನೋಡುತ್ತ ಆ ಹೆಸರನ್ನು ತಾನೂ ಹೇಳಲು ನೋಡಿದಳು, ಆಗಲಿಲ್ಲ, ಕೈಚೆಲ್ಲಿದಳು. ತನ್ನ ಊರಿನಲ್ಲಿ ಅವನು ಆ ಹೆಸರು ಹೇಳಿದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಇಲ್ಲಿ ಬಾಯಿಂದ ಬಿದ್ದದ್ದು ಬಿದ್ದಲ್ಲೇ ಇರುತ್ತಿತ್ತು.

ಬೇಕರಿಯೊಂದರ ಮುಂದಿನ ಬೆಂಚಿನ ಮೇಲೆ, ಬಿಸಿಲಿಗೆ ಮೈಯೊಡ್ಡಿ ಒಬ್ಬ ಇಟಲಿಯವನು ಕೂತಿದ್ದ. ಐವತ್ತು ದಾಟಿದ ವಯಸ್ಸು, ಬಗ್ಗಿದ ಬೆನ್ನು, ಬೆರಳುಗಳು ಮಾತ್ರ ಬಲು ನಯ. ಜೆಫಿರಿನ್ ಕೇಳಿದ್ದಕ್ಕೆ ಅವನು ಒರಟು ಫ್ರೆಂಚಿನಲ್ಲಿ ಉತ್ತರ ಕೊಟ್ಟ. ಹುಡುಗನಾಗಿದ್ದಾಗ ಫ್ರಾನ್ಸಿನಲ್ಲಿ ಕಲ್ಲು ಕೆತ್ತಿದ್ದನಂತೆ. ಮುದುಕನಿಗೆ ಹೋದ ಜೀವ ಬಂದ ಹಾಗಾಯಿತು.

"ದೇವರ ಹಾಗೆ ಸಿಕ್ಕಿದೆ ಕಣಪ್ಪ! ನನ್ನ ಮಗನ್ನ ಹುಡುಕ್ತಿದೀನಿ. ಕಲ್ಲಿನ ಕೆಲಸದೋನು. ತ್ರಾಂಶ್‌ಮೊಂತಾನ್ ಅಂತ."

"ಅಂದ್ರೆ ಬೆಟ್ಟ ಕಡಿಯೋನು" ಎಂದ ಅವನು ನಿಧಾನವಾಗಿ.

"ಹೌದು ಹೌದು! ಬೆಟ್ಟ ಕಡಿಯೋನು!"

ಇಟಲಿಯವನ ಮುಖ ಸ್ವಲ್ಪ ಬಿಗಿಯಿತು. "ಯಾವ ವರ್ಷ ಬಂದ ನಿನ್ನ ಮಗ?"

ಜೆಫಿರಿನ್ ಹೇಳಿದ. ಇಟಲಿಯವನು ನೆಲಕ್ಕೆ ಉಗಿದ. ಕೆಮ್ಮಿ ಉಗಿದನೋ ಸುಮ್ಮನೆ ಉಗಿದನೋ ಮುದುಕನಿಗೆ ತಿಳಿಯಲಿಲ್ಲ.

"ಫ್ರೆಂಚರೆಲ್ಲ ಮೇಲೆ ಇರೋದು ಅಜ್ಜ. ಅಲ್ಲಿ, ಗುಡ್ಡದ ಮೇಲೆ, ಕಲ್ಲಿನ ಗಣಿ ಹತ್ತಿರ. ಆ ರಸ್ತೆ ಹಿಡಿದು ನೆಟ್ಟಗೆ ಹೋಗು."

"ದೂರವಾ?"

"ಕಾಲಿದೆಯಲ್ಲ."

ಮುದುಕ ಅವನ ಎರಡೂ ಕೈ ಹಿಡಿದು ಕುಲುಕಿ ಹೊರಟ.

ಹಿಮ ಕರಗಿ ರಸ್ತೆ ಮೊಣಕಾಲಿನ ತನಕ ಕೆಸರು. ಕಲ್ಲು ಹೊತ್ತ ಲಾರಿಗಳು ಬಂದಾಗಲೆಲ್ಲ ಅವನು ಬೇಲಿಗೆ ಆತುಕೊಂಡು ನಿಲ್ಲಬೇಕಾಗುತ್ತಿತ್ತು. ನಡುವೆ ಎರಡು ಸಲ ಬಂಡೆಯ ಮೇಲೆ ಕೂತು ಉಸಿರು ತೆಗೆದುಕೊಂಡ. ಸಕ್ಕರೆಯ ಗಂಟು ಭಾರವಾಗುತ್ತ ಹೋಯಿತು. ಮೇಲೆ ತಲುಪಿದರೆ ನಿಜವಾಗಿಯೂ ಫ್ರೆಂಚ್ ಮಾತು ಕೇಳಿಸಿತು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಅವನನ್ನು ನೋಡಿ, "ಅಯ್ಯೋ ತಾತ, ಈ ಕೆಸರಲ್ಲಿ ಎಲ್ಲಿಂದ ಬಂದ್ರಿ? ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ತಂದಿಟ್ಟಳು.

ಹೆಸರು ಕೇಳಿ ಅವಳೂ ತಲೆಯಾಡಿಸಿದಳು. "ಇಲ್ಲಿರೋ ನಮ್ಮೋರೆಲ್ಲ ನಂಗೆ ಗೊತ್ತು. ಆ ಹೆಸರಿನೋರು ಯಾರೂ ಇಲ್ಲ. ಹೆಂಡತಿ ಹೆಸರೇನು?"

"ಎಕ್ಸಿಲ್ದಾ. ಎತ್ತರಕ್ಕಿದ್ದಾಳೆ. ಗಲ್ಲದ ಮೇಲೆ ಮಚ್ಚೆ."

ಅವಳ ಕೈಯಿಂದ ಬಟ್ಟೆ ಜಾರಿತು. "ಎಕ್ಸಿಲ್ದಾ ಮೌಂಟನ್! ಅಯ್ಯೋ ದೇವರೇ. ತಾತ, ಅವರು ಮೌಂಟನ್ ಅಂತ. ಊರಲ್ಲಿ ಎಲ್ಲರೂ ಹಾಗೇ ಕರೆಯೋದು. ಅವರ ಮನೆ ಕೆಳಗಿದೆ, ಸ್ಟೇಷನ್ ಹಿಂದುಗಡೆ, ಹಳದಿ ಬಣ್ಣದ್ದು. ನೀವು ಅಲ್ಲೇ ಇಳಿದಿದ್ರಲ್ಲಾ..."

ಮುದುಕನಿಗೆ ಆ ಪದ ಮೊದಲು ಅರ್ಥವೇ ಆಗಲಿಲ್ಲ. ಇಂಗ್ಲಿಷಿನವರು ಬೆಟ್ಟಕ್ಕೆ ಹಾಗೆ ಹೇಳುತ್ತಾರೆ ಎಂದು ಅವಳೇ ಬಿಡಿಸಿ ಹೇಳಬೇಕಾಯಿತು. "ಕಡಿಯೋದು ಎಲ್ಲಿ ಹೋಯ್ತು?" ಎಂದು ಕೇಳಿದ, ಮಗುವಿನ ಹಾಗೆ. ಅವಳು ಗಂಡನನ್ನು ಕೂಗಿ ಕರೆದು, ಹಾಲಿನ ಗಾಡಿಯಲ್ಲಿ ತಾತನನ್ನು ಕೂಡಿಸಿಕೊಂಡು ಬೇಗ ಹೋಗು ಎಂದಳು.

ಗಾಡಿ ಹಳದಿ ಮನೆಯ ಮುಂದೆ ನಿಂತಾಗ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದರು. ಸ್ಟೂಲಿನ ಮೇಲೆ ನಿಂತು ಕಟ್ಟುತ್ತಿದ್ದ ಹುಡುಗ ತಿರುಗಿ ನೋಡಿದ. ಹನ್ನೆರಡು ವರ್ಷದ ಒವಿಲಾನೇ ನಿಂತಂತಿತ್ತು. ಮುದುಕ ಗಾಡಿಯಿಂದ ಇಳಿಯಲಾರದೆ ಹಾಗೆಯೇ ಕೂತ.

ಒಳಗೆ ನೆರೆಯ ಹೆಂಗಸರು ದೇಹವನ್ನು ತೊಳೆದು ಬಿಳಿ ಅಂಗಿ ತೊಡಿಸಿದ್ದರು. ಎಕ್ಸಿಲ್ದಾ ಎದ್ದು ಬಂದಳು. ಅಳು ಮುಗಿದುಹೋದ ಮುಖ.

"ಈಗ ಬಂದ್ರಾ ಮಾವ" ಎಂದಳು. ಬೈಗುಳವೂ ಅಲ್ಲ, ಸ್ವಾಗತವೂ ಅಲ್ಲ. "ಮಧ್ಯಾಹ್ನದವರೆಗೂ ಮಾತಾಡ್ತಿದ್ರು. ರೈಲಿನ ಸದ್ದು ಕೇಳಿದಾಗ, ಯಾರೋ ಬಂದಿರಬೇಕು ನೋಡು ಅಂದ್ರು. ನಾನು ಜ್ವರದ ಮಾತು ಅಂದ್ಕೊಂಡೆ."

ಜೆಫಿರಿನ್ ಕೋಟು ಬಿಚ್ಚಲಿಲ್ಲ. ಹಾಸಿಗೆಯ ಹತ್ತಿರ ಹೋಗಿ ಮಗನ ಹಣೆಯ ಮೇಲೆ ಕೈಯಿಟ್ಟ. ಇನ್ನೂ ಅಷ್ಟು ತಣ್ಣಗಾಗಿರಲಿಲ್ಲ. ಮೂವತ್ತೈದರ ಮಗ ತನಗಿಂತ ಮುದುಕನಾಗಿ ಕಂಡ, ಎದೆಗೂಡು ಬುಟ್ಟಿಯ ಹೆಣಿಗೆಯ ಹಾಗೆ ಎದ್ದಿತ್ತು. ಶಿಲುಬೆಯ ಗುರುತು ಹಾಕಲು ಕೈಯೆತ್ತಿದ. ಬಾಯಲ್ಲಿ ಮಂತ್ರದ ಮಾತುಗಳು ಬರಲಿಲ್ಲ. ಕೈ ಗಾಳಿಯಲ್ಲಿ ನಿಂತೇ ಇತ್ತು. ಕೊನೆಗೆ ಎಕ್ಸಿಲ್ದಾಳೇ ಅದನ್ನು ಹಿಡಿದು ಕೆಳಗಿಳಿಸಿ, ಅವನನ್ನು ಕುರ್ಚಿಯ ಮೇಲೆ ಕೂರಿಸಿದಳು.

ಮಣ್ಣಾದ ಮೇಲೂ ಮುದುಕ ಕೆಲವು ದಿನ ಅಲ್ಲೇ ಉಳಿದ. ಸಕ್ಕರೆಯ ಅಚ್ಚನ್ನು ಒಡೆದು ಮಕ್ಕಳಿಗೆ ಕೊಟ್ಟ. ಹೆಣ್ಣುಮಕ್ಕಳಿಬ್ಬರೂ ಅವನ ಮಾತಿಗೆ ಫ್ರೆಂಚಿನಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದರು. ಲುಸಿಯೆನ್‌ನನ್ನು ಬೀದಿಯಲ್ಲಿ ಗೆಳೆಯರು "ಮೌಂಟನ್! ಏ ಮೌಂಟನ್!" ಎಂದು ಕೂಗಿದಾಗಲೆಲ್ಲ ಮುದುಕ ಯಾರನ್ನೋ ಕರೆದರೆಂದು ಅತ್ತಿತ್ತ ನೋಡುತ್ತಿದ್ದ, ಹುಡುಗ ಮಾತ್ರ ಥಟ್ಟನೆ ಎದ್ದು ಓಡುತ್ತಿದ್ದ.

ಶೆಡ್ಡಿನ ಜೊತೆಗಾರರು ಸಮಾಧಿಗೆ ಒಂದು ಕಲ್ಲನ್ನು ಕೊಟ್ಟಿದ್ದರು. ಧೂಳಿನಿಂದ ಸತ್ತವನಿಗೆ ಹಾಗೆ ಕೊಡುವುದು ಆ ಊರಿನ ನಡವಳಿಕೆ. ಅದರ ಮೇಲೆ ಅಕ್ಷರ ಕೆತ್ತಿಸಬೇಕಿತ್ತು.

"ಮಾವ, ಕಲ್ಲಿನ ಮೇಲೆ ಮೌಂಟನ್ ಅಂತ ಹಾಕಿಸ್ತೀನಿ" ಎಂದಳು ಎಕ್ಸಿಲ್ದಾ, ಆಲೂಗಡ್ಡೆ ಸುಲಿಯುತ್ತ.

ಮುದುಕ ಕೂತಲ್ಲಿಂದ ಎದ್ದ. "ಸತ್ತ ಮೇಲಾದ್ರೂ ಅವನ ಹೆಸರು ಅವನಿಗೆ ಕೊಡು! ನನ್ನ ಮುಂದೆ ಆಣೆ ಮಾಡಿದ್ದ ಅವನು. ಒಂದಕ್ಷರ ಬಿಡಲ್ಲ ಅಂದಿದ್ದ. ಕಾಗದದಲ್ಲೆಲ್ಲ ಪೂರ್ತಿ ಬರೀತಿದ್ದನಲ್ಲ!"

"ಬರೀತಿದ್ರು. ನಿಮಗೋಸ್ಕರ." ಅವಳು ಚಾಕು ಕೆಳಗಿಟ್ಟಳು. "ಬಂದ ಮೊದಲ ದಿನವೇ ಮೇಸ್ತ್ರಿ, ಇಷ್ಟುದ್ದ ನನ್ನ ಬಾಯಿ ತಿರುಗಲ್ಲ, ನೀನು ಮೌಂಟನ್ ಅಂದ. ಇವರು ಆಗಲ್ಲ ಅಂದ್ರು. ಬಾಗಿಲು ಅಲ್ಲಿದೆ ಅಂದ. ಹೊರಗೆ ಮುಷ್ಕರದೋರು ಕಲ್ಲು ಹಿಡಿದು ನಿಂತಿದ್ರು ಮಾವ. ಅಂಗಡಿಯೋರು ನಮಗೆ ಹಾಲು ಕೊಡ್ತಿರಲಿಲ್ಲ. ನಾನು ಬಸುರಿ. ಇನ್ನೇನು ಮಾಡಬೇಕಿತ್ತು?"

"ನನಗೆ ಹೇಳಬಹುದಿತ್ತು."

"ನಿಮಗಾ?" ಅವಳು ನಗಲಿಲ್ಲ. "ಪ್ರತಿ ಬೇಸಿಗೆ ನಾನು ಊರಿಗೆ ಹೋಗೋಣ ಅಂತ ಕಾಡ್ತಿದ್ದೆ. ಬ್ಯಾಗು ಕೂಡ ಕಟ್ಟಿದ್ದೀನಿ ಒಂದ್ಸಲ. ಮಕ್ಕಳ ಬಾಯಲ್ಲಿ ಆ ಹೆಸರು ಬಂದ್ಬಿಟ್ರೆ ಅಪ್ಪ ತಡ್ಕೊಳಲ್ಲ ಅಂತ ಕಟ್ಟಿದ್ದನ್ನ ಬಿಚ್ಚಿಸಿದ್ರು. ಅದಕ್ಕೇ ಬರಲಿಲ್ಲ. ಕೋಪದಿಂದ ಅಲ್ಲ."

ಮುದುಕ ಮತ್ತೆ ಕುರ್ಚಿಯಲ್ಲಿ ಕೂತ. ಹನ್ನೆರಡು ವರ್ಷ ಅವನು ಮಗನ ಕೋಪವೆಂದು ತಿಳಿದಿದ್ದದ್ದು ಮಗನ ಹೆದರಿಕೆಯಾಗಿತ್ತು.

"ಆದ್ರೂ ಎಕ್ಸಿಲ್ದಾ," ಎಂದ, ದನಿ ಕುಗ್ಗಿಸಿ, "ಅದು ನಮ್ಮ ಹೆಸರು. ಒಬ್ಬನೇ ತಂದಿದ್ದು..."

"ಗೊತ್ತು. ಸಿಪಾಯಿ. ಮದುವೆಯಾದ ವರ್ಷ ನಾನೂ ಕೇಳಿದೀನಿ ಆ ಕಥೆ." ಅವಳು ಅವನ ಕಡೆ ತಿರುಗಿ ಕೂತಳು. "ಅವನಪ್ಪ ಪೆರ್ದ್ರಿಯೋ ಅಲ್ವಾ? ಆ ಅಪ್ಪನೂ ನಿಮ್ಮ ಹಾಗೆ ಮಗನ್ನ ಹುಡುಕ್ಕೊಂಡು ಹಡಗಿನ ಹತ್ತಿರ ಹೋಗಿದ್ರೆ? ಪೆರ್ದ್ರಿಯೋ ಅನ್ನೋ ಹುಡುಗ ಎಲ್ಲಿ ಅಂತ ಕೇಳಿದ್ರೆ? ಅಂಥೋನು ಯಾರೂ ಇಲ್ಲ, ಮನೆಗೆ ಹೋಗು ಮುದುಕಪ್ಪ ಅಂತಿದ್ರು. ಆ ಹೆಸರಿಗೆ ಯಾರು ಅತ್ರು ಮಾವ? ನೀವು ಯಾವತ್ತಾದ್ರೂ ಅತ್ರಾ?"

ಅವಳು ಚಾಕು ಮತ್ತೆ ಎತ್ತಿಕೊಂಡಳು.

"ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಆ ದಿನ ಹೆಸರು ಹೇಳ್ಕೊಂಡು ಬೀದಿಬೀದಿ ಅಲೆದ್ರಿ, ಸಿಗಲಿಲ್ಲ. ನಾಳೆ ಈ ಮಕ್ಕಳು ದೊಡ್ಡೋರಾಗಿ ಎಲ್ಲೆಲ್ಲೋ ಹೋಗ್ತಾರೆ. ಅವರ ಮಕ್ಕಳು ಅಜ್ಜನ್ನ ಹುಡುಕ್ಕೊಂಡು ಬಂದ್ರೆ ಸಿಗಬೇಕಲ್ಲ. ಅಷ್ಟೇ ನಾನು ಕೇಳೋದು."

ಅವನು ಹಿತ್ತಲಿಗೆ ಹೋಗಿ ಸೌದೆಯ ರಾಶಿಯ ಮೇಲೆ ಕೂತ. ಎಷ್ಟೋ ಹೊಸವರ್ಷಗಳಲ್ಲಿ ಹೇಳಿದ ಕಥೆ ಅದು, ಆದರೂ ಕ್ಯಾಪ್ಟನ್ ಕೇಳಿದ ಪ್ರಶ್ನೆಗಿಂತ ಹಿಂದಕ್ಕೆ ಅವನು ಎಂದೂ ಹೋಗಿರಲಿಲ್ಲ. ಈಗ ಮೊದಲ ಸಲ ಪೊಯಿತು ಸೀಮೆಯ ಆ ಮುದುಕ ಅವನ ಕಣ್ಣಿಗೆ ಬಂದ. ಮಗ ಹೊರಟ ಬೆಳಿಗ್ಗೆ ಅವನು ಎಲ್ಲಿದ್ದನೋ. ಕೈಯೆತ್ತಿದನೋ, ಇಲ್ಲ ಅವನೂ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದನೋ. ಆಮೇಲೆ ಸಾಯುವತನಕ ಮಗನ ಸುದ್ದಿಗೆ ಕಾದಿದ್ದನೋ. ಅವನ ಹೆಸರನ್ನು ಕಥೆಯ ಮೊದಲ ಸಾಲಿನಲ್ಲಿ ಹೇಳಿ ಎರಡನೆಯ ಸಾಲಿಗೆ ಮರೆತುಬಿಡುತ್ತಿದ್ದವನು ತಾನು. ಮುದುಕ ಆಗ ಅತ್ತ. ಮಗನಿಗೆ ಬಾರದ ಅಳು ಆ ಗುರುತಿಲ್ಲದವನ ನೆಪದಲ್ಲಿ ಬಂತು, ಬಂದ ಮೇಲೆ ಬೇಗ ನಿಲ್ಲಲಿಲ್ಲ. ಒಳಗಿನಿಂದ ಚಿಕ್ಕ ಹುಡುಗಿ ಬಂದು, ಏನು ಮಾಡಬೇಕೆಂದು ತಿಳಿಯದೆ, ಅವನ ಟೋಪಿಯನ್ನು ತಂದು ತೊಡೆಯ ಮೇಲಿಟ್ಟು ಓಡಿಹೋದಳು.

ಅಕ್ಷರ ಕೆತ್ತುವುದರಲ್ಲಿ ಊರಿಗೇ ಮೇಲು ಎನಿಸಿಕೊಂಡವನು ಎಟ್ಟೋರೆ ಎಂಬ ಇಟಲಿಯವನಂತೆ. ಎಕ್ಸಿಲ್ದಾ ಮನೆ ತೋರಿಸಿಕೊಟ್ಟಳು. ಮರುದಿನ ಬೆಳಿಗ್ಗೆ ಜೆಫಿರಿನ್ ಹೋಗಿ ಬಾಗಿಲು ಬಡಿದ. ತೆರೆದವನು ಬೇಕರಿಯ ಬೆಂಚಿನವನು.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ಗೊತ್ತಿತ್ತು ನಿನಗೆ" ಎಂದ ಜೆಫಿರಿನ್.

ಎಟ್ಟೋರೆ ಬಾಗಿಲ ಚೌಕಟ್ಟಿಗೆ ಒರಗಿದ. "ಗೊತ್ತಿತ್ತು. ಬೆಟ್ಟ ಕಡಿಯೋನು ಅಂದ ತಕ್ಷಣ ಗೊತ್ತಾಯ್ತು." ಕೆಮ್ಮು ಬಂತು, ನಿಲ್ಲುವವರೆಗೆ ಕಾದ. "ಅವನು ಬಂದು ನಿಂತ ಜಾಗ ನನ್ನ ತಮ್ಮಂದು. ಮುಷ್ಕರ ಸೋತ ಮೇಲೆ ತಮ್ಮನ್ನ ವಾಪಸ್ಸು ತಗೊಳ್ಳಲಿಲ್ಲ. ಎಲ್ಲೋ ದಕ್ಷಿಣಕ್ಕೆ ಹೋದ, ಎಲ್ಲಿದಾನೋ ಇವತ್ತಿಗೂ ಗೊತ್ತಿಲ್ಲ. ಹನ್ನೆರಡು ವರ್ಷ ನಿನ್ನ ಮಗನ ಪಕ್ಕದಲ್ಲೇ ಕೆಲಸ ಮಾಡಿದೀನಿ ಅಜ್ಜ. ಒಂದು ಮಾತಾಡಿಲ್ಲ. ಆವತ್ತು ನಿನ್ನ ನೋಡಿದಾಗ... ಒಂದು ಗಳಿಗೆ ಅಲೆಯಲಿ ಅಂತ ಅನ್ನಿಸ್ತು. ಮಲಗಿದಾನೆ ಅಂತ ಗೊತ್ತಿತ್ತು. ಅವತ್ತೇ ಹೋಗ್ತಾನೆ ಅಂತ ಗೊತ್ತಿರಲಿಲ್ಲ. ಮೇರಿ ಮಾತೆ ಮೇಲಾಣೆ, ಗೊತ್ತಿರಲಿಲ್ಲ."

ಹೊಡೆಯಬೇಕೆಂದು ಜೆಫಿರಿನ್‌ಗೆ ಅನ್ನಿಸಿತು. ಆ ಮನುಷ್ಯನ ಅಂಗಿಯ ಕಾಲರಿನ ಮೇಲೆ, ಕಿವಿಯ ಮಡಿಕೆಯಲ್ಲಿ, ಮಗನನ್ನು ಕೊಂದ ಅದೇ ಬೂದು ಧೂಳು. ಎದೆಯೊಳಗೆ ಸುಯ್ಯೆನ್ನುವ ಸದ್ದು. ಇವನೂ ಬಹಳ ದಿನದವನಲ್ಲ ಎಂದು ಮುದುಕನಿಗೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

"ಕ್ಷಮಿಸು ಅಂತ ಕೇಳಲ್ಲ" ಎಂದ ಎಟ್ಟೋರೆ. "ಕಲ್ಲಿನ ಕೆಲಸ ನಾನು ಮಾಡ್ಕೊಡ್ತೀನಿ. ನೀನು ಹೇಳಿದ ಹೆಸರು ಪೂರ್ತಿ ಹಾಕ್ತೀನಿ. ಎಷ್ಟುದ್ದ ಆದ್ರೂ ಸರಿ, ಒಂದೇ ಸಾಲಲ್ಲಿ ಕೂರಿಸ್ತೀನಿ. ನೆನಪಿದೆ ನನಗೆ."

ಜೆಫಿರಿನ್ ಹೆಸರು ಹೇಳಿದ. ಆ ಪದ ಅವನ ನಾಲಿಗೆಗೆ ಸರಿಯಾಗಿ ಕೂರಲಿಲ್ಲ, ಎರಡು ಸಲ ಹೇಳಬೇಕಾಯಿತು.

"ಮೌಂಟನ್ ಅಂತ ಹಾಕು."

"ಅಜ್ಜ, ನಾನು..."

"ಅವನ ಮಕ್ಕಳು ಹಾಗಂತಾರೆ. ಹಾಗೇ ಹಾಕು. ಚೆನ್ನಾಗಿ ಹಾಕು."

ಕೈ ಕುಲುಕದೆ ಮೆಟ್ಟಿಲಿಳಿದು ಬಂದ.

ರೈಲಿನ ದಿನ ಎಕ್ಸಿಲ್ದಾ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಳು. "ಮಕ್ಕಳನ್ನ ಕರ್ಕೊಂಡು ಊರಿಗೆ ಬಂದ್ಬಿಡಮ್ಮ. ಹೆಸರು ಏನಾದ್ರೂ ಆಗಲಿ, ಮನೆ ಇದೆ" ಎಂದ ಮುದುಕ.

"ಬರಲ್ಲ ಮಾವ. ಇಲ್ಲಿ ಬೋರ್ಡಿಂಗ್ ಮನೇಲಿ ಅಡುಗೆ ಕೆಲಸ ಹೇಳಿದಾರೆ. ಲುಸಿಯೆನ್ ಓದ್ತಿದಾನೆ. ಶೆಡ್ಡಿನ ಬಾಗಿಲು ತುಳಿಯಲ್ಲ ಅಂತ ಅವರಪ್ಪನ ಮುಂದೆ ಮಾತು ಕೊಟ್ಟಿದಾನೆ." ಅವಳು ಅವನ ಕೋಟಿನ ಗುಂಡಿ ಹಾಕಿದಳು. "ಬೇಸಿಗೆಗೆ ಕಳಿಸ್ತೀನಿ ಮಕ್ಕಳನ್ನ. ಈಗ ಹೆದರೋದಕ್ಕೆ ಯಾರೂ ಇಲ್ಲವಲ್ಲ."

ಸಾಂತ್-ಓದಿಲ್‌ನಲ್ಲಿ ಇಳಿದಾಗ ಅಲ್ಮಾ ಗಾಡಿ ತಂದು ಕಾಯುತ್ತಿದ್ದಳು. ಸಾವಿನ ಸುದ್ದಿ ತಂತಿಯಲ್ಲಿ ಆಗಲೇ ಮುಟ್ಟಿತ್ತು. ಅಪ್ಪನನ್ನು ಹತ್ತಿಸಿಕೊಂಡು ಸ್ವಲ್ಪ ದೂರ ಬಂದ ಮೇಲೆ ಅವಳು ಲಗಾಮು ಸಡಿಲಿಸಿ ಕೇಳಿದಳು:

"ಸಿಕ್ಕಿದ್ನಾ ಅಪ್ಪ? ಜೀವ ಇತ್ತಾ ನೀನು ಹೋದಾಗ?"

ಜೆಫಿರಿನ್ ಕುದುರೆಯ ಕಿವಿಗಳನ್ನು ನೋಡುತ್ತಿದ್ದ.

"ಇತ್ತು" ಎಂದ.

"ಮಾತಾಡಿದ್ನಾ?"

"ಮಾತಾಡಿದ. ಸ್ಟೇಷನ್ ಹಿಂದೇನೇ ಮನೆ. ಇಳಿದೆ, ಹೋದೆ. ಎದ್ದು ಕೂತ. ಅಲ್ಮಾ ಹೇಗಿದಾಳೆ, ಅವಳ ಬೆನ್ನುನೋವು ವಾಸಿಯಾಯ್ತಾ ಅಂತ ಕೇಳಿದ."

ಅಲ್ಮಾ ಮುಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುವಿನ ನಡುವೆಯೇ, "ನೆನಪಿಟ್ಕೊಂಡಿದ್ನಾ, ಕತ್ತೆ ನನ್ಮಗ" ಎಂದಳು.

ಊರವರು ಒಬ್ಬೊಬ್ಬರಾಗಿ ಬಂದು ಕೇಳಿದರು. ಒರ್ಮಿದಾಸ್ ಕೇಳಿದ, ಪಾದ್ರಿ ಕೇಳಿದ, ಕಮ್ಮಾರನ ಅಂಗಡಿಯವರು ಟೋಪಿ ತೆಗೆದು ಕೇಳಿದರು. ಎಲ್ಲರಿಗೂ ಅವನು ಅದನ್ನೇ ಹೇಳಿದ. ದಿನ ಹೋದ ಹಾಗೆ ಮಾತು ಬೆಳೆಯಿತು. ಒವಿಲಾ ದಿಂಬಿಗೆ ಒರಗಿ ಕೂತಿದ್ದ, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಸೂಪು ಕುಡಿದ, ಅಪ್ಪನ ಕೈ ಹಿಡಿದುಕೊಂಡೇ ನಿದ್ದೆ ಹೋದ. ಎರಡು ಚಳಿಗಾಲ ಕಳೆದು ಮುದುಕ ತಾನೂ ಹಾಸಿಗೆ ಹಿಡಿಯುವ ಹೊತ್ತಿಗೆ ಆ ಕೋಣೆ, ಆ ಬಿಸಿಲು, ಮಗನ ಆ ಮಾತು ಅವನಿಗೆ ಚೆನ್ನಾಗಿ ಕಾಣುತ್ತಿದ್ದವು. ಗುಡ್ಡದ ಕೆಸರಿನ ರಸ್ತೆ ಮಾತ್ರ ಜ್ವರ ಏರಿದಾಗ ಬರುತ್ತಿತ್ತು. ಆಗ ಅವನು ಹೊದಿಕೆ ಒದ್ದು ಎದ್ದು ಕೂರುತ್ತಿದ್ದ, ಅಲ್ಮಾ ಹೆಗಲು ಹಿಡಿದು ಮತ್ತೆ ಮಲಗಿಸುತ್ತಿದ್ದಳು.